ಗೇಟಿನ ಫಿನಾಯಿಲ್ ತೊಟ್ಟಿ

ಕೋರ
12-8-1984

ಅಣ್ಣ ಅಂಜನಪ್ಪನಿಗೆ ಹೊಂಬಾಳಮ್ಮನ ನಮಸ್ಕಾರ.

ಇತ್ತ ನಾನು ಕ್ಷೇಮ. ಫಾರಂ ಕೋಳಿಗಳು ಅರ್ಧಕ್ಕರ್ಧ ಸತ್ತವು. ಉಳಿದವು ಸುಕ್ಕು ಸುಕ್ಕಾದ ಮೊಟ್ಟೆ ಇಡುತ್ತಿವೆ.

ನೀನು ಶಿರಾ ಗೇಟಿನ ನಿನ್ನ ಮೊಟ್ಟೆ ಅಂಗಡಿಯಲ್ಲಿ ಕೂತು, "ನಮ್ ಹೊಂಬಾಳಿ ಲಸಿಕೆ ಹಾಕಿಸ್ದಲೇ ಕೋಳಿ ಸಾಯ್ಸವ್ಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೀಯಂತೆ. ಲಸಿಕೆ ಹಾಕಿಸಿದ್ದೆ. ಪಶುವೈದ್ಯರು ಬಂದು ನೋಡಿ, "ಇದು ಕೋಳಿಗಳಿಗೆ ಮೊದಲಿಂದ್ಲೂ ಬರೋ ಕರೋನಾ ಅನ್ನೋ ಜಾತಿ ವೈರಸ್ ಕಣಮ್ಮ. ಲಸಿಕೆ ಹಾಕಿದ ಕೋಳಿ ಮೈ ಅದರ ಹಳೇ ಮುಖಾನ ಗುರುತು ಹಿಡಿಯುತ್ತೆ. ಇದು ಮುಖ ಬದಲಾಯಿಸ್ಕೊಂಡು ಒಳಗೆ ಬಂದಿದೆ" ಎಂದರು. ಬೇರೆ ಫಾರಂ ಸುತ್ತಿ ಬಂದ ಮೊಟ್ಟೆ ಟ್ರೇ ಯಾರಾದರೂ ತಂದಿದ್ದರಾ ಎಂದೂ ಕೇಳಿದರು. ನಾನು ನಿನ್ನ ಹೆಸರು ಹೇಳಲಿಲ್ಲ.

ಹೊರಗಿನ ರೋಗ ಒಳಗೆ ಬರದಿರಲೆಂದು ಗೇಟಿನಲ್ಲಿ ಫಿನಾಯಿಲ್ ತೊಟ್ಟಿ ಇಟ್ಟು, ಬಂದವರಿಗೆಲ್ಲ ಕಾಲು ಅದ್ದಿಸುತ್ತಿದ್ದೆ. ನೀನೊಬ್ಬ "ನಾನೇನ್ ಹೊರಗಿನವ್ನಾ?" ಎಂದು ಟ್ರೇ ಹೊತ್ತು ತೊಟ್ಟಿ ದಾಟಿ ಬಂದೆ. ಅಣ್ಣನೆಂದು ನಾನೂ ತಡೆಯಲಿಲ್ಲ.

ನಿನ್ನ ಟ್ರೇಗಳನ್ನು ಸುಟ್ಟಿದ್ದೇನೆ. ಅಂಗಡಿಯಲ್ಲಿ ಆ ಮಾತು ನಿಲ್ಲಿಸು. ಇನ್ನು ಮೇಲೆ ಬಂದರೆ ಗೇಟಿನಾಚೆ ನಿಂತೇ ಕೂಗು.

ಆ ವೈರಸ್ಸಾದರೂ ಒಳಗೆ ಬರಲು ಮುಖ ಬದಲಾಯಿಸಬೇಕಾಯಿತು. ನಿನಗೆ ಅದೂ ಬೇಕಾಗಲಿಲ್ಲ.

ಇಂತಿ ಒಡಹುಟ್ಟಿದವಳು,
ಹೊಂಬಾಳಮ್ಮ