ಏಳು ಲೀಟರಿನ ಬೌಲು

9 ಜನವರಿ, ಗುರುವಾರ

ಹ್ಯಾಂಡ್ ಬೀಟರ್ ಇವತ್ತು ಸುಟ್ಟುಹೋಯಿತು. ಕ್ರೀಮ್ ಅರ್ಧ ಗಟ್ಟಿಯಾಗಿತ್ತು, ಅಷ್ಟರಲ್ಲಿ ಕಮಟು ವಾಸನೆ, ಆಮೇಲೆ ಹೊಗೆ. ಶೀತಲ ಓಡಿಹೋಗಿ ಪ್ಲಗ್ ಕಿತ್ತಳು. ಉಳಿದದ್ದನ್ನು ಕೈಯಿಂದಲೇ ತಿರುವಿದಳು — ಬೌಲಿನ ಕೆಳಗೆ ಐಸ್ ಇಟ್ಟು, ತುಟಿ ಕಚ್ಚಿಕೊಂಡು. ನಾನು ಸ್ಪಂಜ್ ಕತ್ತರಿಸಿ ಸಕ್ಕರೆ ನೀರು ಹಾಕಿದೆ. ಆರ್ಡರಿನ ಕೇಕ್ ಡಬ್ಬಿ ಹಿಡಿದು ಮುರಗೋಡ ಸ್ಟ್ಯಾಂಡಿಗೆ ಓಡಿದಾಗ ಸವದತ್ತಿ ಬಸ್ಸು ಹೊರಟೇಬಿಟ್ಟಿತ್ತು. ಡ್ರೈವರ್ ನಿಲ್ಲಿಸಿದ. “ಅಕ್ಕಾರ, ನಿಮ್ಮ ಕೇಕ್ ಸಲುವಾಗಿ ಬಸ್ಸಿಗೆ ಬ್ಯಾರೇ ಟೈಂ ಹಚ್ಚಬೇಕ್ರಿ” ಅಂದ. ಡಬ್ಬಿ ತನ್ನ ಸೀಟಿನ ಬಗಲಿಗೆ ಇಟ್ಟುಕೊಂಡ. ಒಳ್ಳೆಯವನು.

ಮನೆಗೆ ಬಂದರೆ ಶೀತಲ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಮೈದುನ ಅಪ್ಪುವಿನ ಹೆಂಡತಿ ಅವಳು, ನನಗೆ ನೆಗೆಣ್ಣಿ. ಹಾಗೆ ಬರೆಯಲು ಮನಸ್ಸು ಬರುವುದಿಲ್ಲ. ಬೆನ್ನಿಗೆ ಬಿದ್ದ ತಂಗಿಗಿಂತ ಹೆಚ್ಚು. ಸ್ಟ್ಯಾಂಡ್ ಮಿಕ್ಸರ್ ತರಲೇಬೇಕು. ಇಟ್ಟು ಬಟನ್ ಒತ್ತಿದರೆ ತಾನೇ ತಿರುವುತ್ತದಂತೆ. ಈ ಹುಡುಗಿಯ ಕೈ ಉಳಿಯಬೇಕಾದರೆ ಬೇರೆ ದಾರಿ ಇಲ್ಲ.

12 ಜನವರಿ, ರವಿವಾರ

ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ನಾಲ್ಕೂವರೆ ಲೀಟರ್, ಐದು ಲೀಟರ್, ಏಳು ಲೀಟರ್. ಒಬ್ಬಳು ವ್ಯಾಟ್ಸ್ ನೋಡಿ ಅನ್ನುತ್ತಾಳೆ. ಇನ್ನೊಬ್ಬಳು ವ್ಯಾಟ್ಸ್ ನಂಬಬೇಡಿ, ಬೌಲ್ ನೋಡಿ ಅನ್ನುತ್ತಾಳೆ. ಇಬ್ಬರ ಅಡುಗೆಮನೆಯೂ ನಮ್ಮ ಪಡಸಾಲೆಗಿಂತ ದೊಡ್ಡದು.

ಶೀತಲನನ್ನು ಕೇಳಿದೆ. ಕೊತ್ತಂಬರಿ ಸೋಸುತ್ತಿದ್ದಳು, ತಲೆ ಎತ್ತದೆ ಹೇಳಿದಳು — “ಸಣ್ಣದ ಸಾಕ್ರಿ ಅಕ್ಕಾ. ನಮ್ಮವು ಹೆಚ್ಚಾಗಿ ಅರ್ಧಾ ಕಿಲೋ, ಒಂದ ಕಿಲೋದ್ವ ಇರ್ತಾವಲ್ಲ.”

“ಕುಬಸಕ್ಕ ಐದ ಕಿಲೋ ಕೇಕ್ ಮಾಡಿದ್ವಿ, ಮರತಿ ಏನ?”

“ಅದು ಒಮ್ಮೆ ಬಂದಿತ್ತರಿ.”

ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲವೇ? ಈಗ ಯಾರ ಮನೆಯ ಬಸುರಿಗೆ ಕುಬಸ ಮಾಡಿದರೂ ಹಸಿರು ಸೀರೆಯ ಜೊತೆ ಕೇಕೂ ಬೇಕು, ಅದರ ಮೇಲೆ ಸಕ್ಕರೆಯ ತೊಟ್ಟಿಲೂ ಬೇಕು. ತತ್ತಿ ಹಾಕದೆ ಮಾಡಿಕೊಡುವವರು ಈ ಸುತ್ತಮುತ್ತ ನಾವೇ. ನಮ್ಮ ಮನೆಯಲ್ಲಿ ಪಾತ್ರೆ ತರುವಾಗ ಯಾವಾಗಲೂ ಮದುವೆಯ ಲೆಕ್ಕವನ್ನೇ ಹಿಡಿಯುವುದು. ಅಟ್ಟದ ಮೇಲಿನ ಹಂಡೆಗಳೇ ಸಾಕ್ಷಿ. ದಿನದ ಊಟಕ್ಕೆ ಯಾರಾದರೂ ಹಂಡೆ ತರುತ್ತಾರೆಯೇ? ಆದರೂ ತರುತ್ತಾರೆ. ಮಂದಿ ಬಂದಾಗ ಬೇರೆಯವರ ಮನೆಯ ಬಾಗಿಲು ಬಡಿಯಬಾರದು.

18 ಜನವರಿ, ಶನಿವಾರ

ಬೈಲಹೊಂಗಲಕ್ಕೆ ಹೋಗಿ ಬಂದೆವು, ನಾನು ಮತ್ತು ಶೀತಲ. ಅಂಗಡಿಯ ಸಿದ್ದರಾಮ ಮೂರು ಡಬ್ಬಿ ಬಿಚ್ಚಿ ತೋರಿಸಿದ. ಶೀತಲ ನಾಲ್ಕೂವರೆ ಲೀಟರಿನದರ ಹತ್ತಿರವೇ ನಿಂತಳು. ಅದರ ತಲೆ ಎತ್ತಿದಳು, ಇಳಿಸಿದಳು, ಬೌಲು ತಿರುಗಿಸಿ ಲಾಕ್ ಮಾಡಿದಳು, ಮತ್ತೆ ಬಿಚ್ಚಿದಳು.

“ಒಂದ ಸಲಕ್ಕ ಮೈದಾ ಎಷ್ಟ ಹಾಕ್ತೀರಿ?” ಅಂತ ಸಿದ್ದರಾಮ ಅವಳನ್ನೇ ಕೇಳಿದ. ಅವಳು ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ — “ಎರಡ ಕಿಲೋ.”

“ಹಂಗಿದ್ರ ಏಳ ಲೀಟರಂದ ಒಯ್ರಿ.”

ಒಯ್ದೆವು. ಬಸ್ಸಿನಲ್ಲಿ ಡಬ್ಬಿ ಇಬ್ಬರ ತೊಡೆಯ ಮೇಲೂ ಹಿಡಿಸಲಿಲ್ಲ. ಶೀತಲ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ಬಸ್ಸು ಆಗಿಬರಲಿಲ್ಲವೇನೋ ಅಂತ ಚೀಲದಿಂದ ನಿಂಬೆಹಣ್ಣು ತೆಗೆದು ಕೊಟ್ಟೆ. ಮೂಸಿ ನೋಡಿ ವಾಪಸ್ ಕೊಟ್ಟಳು.

19 ಜನವರಿ, ರವಿವಾರ

ಅತ್ತೆ ತಂಗೆವ್ವನವರ ಕೈಯಿಂದ ಮಿಕ್ಸರಿಗೆ ಪೂಜೆ ಆಯಿತು. ಅದರ ತಲೆಗೆ ವಿಭೂತಿ ಎಳೆದರು, ನಡುವೆ ಕುಂಕುಮ ಇಟ್ಟರು, ಕಾಯಿ ಒಡೆದರು. ನೀರು ಒಳಗೆ ಸಿಡಿಯುತ್ತದೆ ಅಂತ ನಾನು ಬಟ್ಟೆ ಅಡ್ಡ ಹಿಡಿದೆ.

“ಜ್ವಾಳದ ಹಿಟ್ಟ ನಾದತೈತೇನ ಇದು?”

“ಇಲ್ರಿ ಅತ್ತಿ. ಕೇಕ್, ಕ್ರೀಮ್ ಅಷ್ಟ.”

“ಹಂಗಾದ್ರ ಇಷ್ಟ ದೊಡ್ಡದ ಯಾಕ ತಂದ್ರಿ?” ಅಂದು ಕಾಯಿಹೋಳು ಎತ್ತಿಕೊಂಡು ಒಳಗೆ ಹೋದರು. ಅವರಿಗೆ ರೊಟ್ಟಿ ಬಿಟ್ಟರೆ ಉಳಿದದ್ದೆಲ್ಲ ಆಟಿಕೆ.

ಪಕ್ಕದ ಮನೆಯ ಗುರುಬಸವ್ವ ನೋಡಲು ಬಂದಿದ್ದಳು. ನಾವಿಬ್ಬರೂ ಕೂಡಿ ಆರಿಸಿದ್ದು ಅಂತ ಹೇಳಿದೆ. ಶೀತಲ ಚಹಾ ಇಡಲು ಒಳಗೆ ಹೋದಳು.

23 ಜನವರಿ, ಗುರುವಾರ

ಅರ್ಧ ಕಿಲೋ ಪೈನಾಪಲ್ ಕೇಕಿನ ಆರ್ಡರ್. ಬೌಲಿಗೆ ಕ್ರೀಮ್ ಸುರಿದೆ. ತಳದಲ್ಲಿ ಎಲ್ಲೋ ಬಿತ್ತು. ತಂತಿಯ ವಿಸ್ಕ್ ಗರಗರ ತಿರುಗಿತು, ಆದರೆ ಮೇಲೆ ಮೇಲೆ. ಕ್ರೀಮ್ ತನ್ನ ಪಾಡಿಗೆ ಕೆಳಗೆ ತಣ್ಣಗೆ ಮಲಗಿತ್ತು. ಸ್ಕ್ರೂ ತಿರುವಿ ಇಳಿಸಿದೆ, ಬೌಲು ಓರೆ ಹಿಡಿದೆ, ಏನೂ ಆಗಲಿಲ್ಲ. ಶೀತಲ ಸುಮ್ಮನೆ ಬಂದು, ಕ್ರೀಮ್ ಬೇರೆ ಬೋಗುಣಿಗೆ ಬಗ್ಗಿಸಿಕೊಂಡು, ಕೈಯಿಂದ ತಿರುವತೊಡಗಿದಳು. ಅವಳು ನಾಲ್ಕು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

“ಇನ್ ಮ್ಯಾಲೆ ಡಬಲ್ ಮಾಡೂಣು. ಉಳದದ್ದ ಫ್ರಿಜ್‌ನ್ಯಾಗ ಇಡೂಣು” ಅಂದೆ.

“ಹೂಂನ್ರಿ ಅಕ್ಕಾ.”

ಈಗ ಫ್ರಿಜ್ ತುಂಬ ಕ್ರೀಮ್. ಮೆಂತೆಪಲ್ಯ ಇಡಲು ಜಾಗವಿಲ್ಲ ಅಂತ ಅತ್ತೆಯ ಗೊಣಗಾಟ.

2 ಮಾರ್ಚ್, ರವಿವಾರ

ಬಹಳ ದಿನ ಬರೆಯಲಿಲ್ಲ. ಮದುವೆ ಸೀಜನ್.

ಇವತ್ತು ಊಟವಾದ ಮೇಲೆ ಇವರು ತಟ್ಟೆಯಲ್ಲೇ ಕೈ ತೊಳೆದು, ಏಳದೆ ಕುಳಿತರು. ಏನೋ ಇದೆ ಅಂತ ಆಗಲೇ ಗೊತ್ತಾಯಿತು. ನನ್ನ ಗಂಡ ಮಹಾದೇವ ಇವರು, ಮಾತು ಹೊರಗೆ ಬರಬೇಕಾದರೆ ಮೊದಲು ಗಂಟಲು ಸರಿಮಾಡಿಕೊಳ್ಳಬೇಕು.

“ಅಪ್ಪು ಒಲಿ ಬ್ಯಾರಿ ಮಾಡತೇನಿ ಅಂತಾನ.”

ಬಟ್ಟೆ ಅಂಗಡಿ ಕೂಡೇ ಇರುತ್ತದಂತೆ. ಮನೆಯೂ ಇದೇ. ಅವರು ಮೇಲೆ, ನಾವು ಕೆಳಗೆ. ಒಲೆ ಮಾತ್ರ ಎರಡು. ಮೇಲೆ ಗೌಂಡಿ ಬಂದು ಕಟ್ಟೆ ಕಟ್ಟುತ್ತಿದ್ದುದನ್ನು ನೋಡಿದ್ದೆ. ಅಂಗಡಿಯ ಮಾಲು ಇಡಲು ಅಂದುಕೊಂಡಿದ್ದೆ. ಅದು ಅಡುಗೆಕಟ್ಟೆ.

“ಇದ ಯಾರ ಮಾತು? ಅಪ್ಪುಂದೋ, ಶೀತಲಂದೋ?”

“ಇಬ್ರದೂ. ಜಗಳ ಇಲ್ಲದಾಗನ ಬ್ಯಾರಿ ಆದ್ರ ಮುಂದ ಚಲೋ ಇರತೇವಿ ಅಂತಾನ. ಅದರಾಗ ತಪ್ಪ ಏನೈತಿ ಹೇಳ.”

ತಪ್ಪೇನಿಲ್ಲ. ಬೇಳೆ, ಎಣ್ಣೆ, ಸಿಲಿಂಡರ್ ಬೇರೆಯಾದರೆ ಆಗಲಿ. ನನಗೆ ಹೆದರಿಕೆ ಅದರದ್ದಲ್ಲ. ಕೇಕಿನದ್ದು. ಅವಳು ಕೆಳಗೆ ಇಳಿದು ಬರದಿದ್ದರೆ ಆ ಅಡುಗೆಮನೆಯಲ್ಲಿ ನಾನೊಬ್ಬಳೇ ನಿಂತು ಏನು ಮಾಡಲಿ? ಮಧ್ಯಾಹ್ನದ ಹೊತ್ತು ನಾವಿಬ್ಬರೇ, ಓವನ್ ಬಿಸಿ, ರೇಡಿಯೋ ಹಾಡು, ಊರಿನ ಸುದ್ದಿ. ಮದುವೆಯಾಗಿ ಬಂದ ಮೇಲೆ ನನ್ನದು ಅಂತ ಇದ್ದದ್ದು ಅದೊಂದೇ ಹೊತ್ತು. ಅದು ಅವಳಿಗೂ ಹಾಗೇ ಅಂದುಕೊಂಡಿದ್ದೆ.

ಒಂದು ಮಾತು ನನಗೆ ಮೊದಲೇ ಹೇಳಬಾರದಿತ್ತೇ...

11 ಮಾರ್ಚ್, ಮಂಗಳವಾರ

ಎರಡು ಆರ್ಡರ್. ಅವಳು ಕ್ರೀಮ್, ನಾನು ಸ್ಪಂಜ್. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಿಕ್ಸರಿನ ಸಪ್ಪಳ ಇದ್ದದ್ದೇ ಪುಣ್ಯ.

5 ಏಪ್ರಿಲ್, ಶನಿವಾರ

ಯುಗಾದಿ ಮುಗಿಯಲಿ ಅಂತ ಕಾದಿದ್ದರು. ನಾಳೆ ಪಾಲು. ಅತ್ತೆಯ ಅಣ್ಣ ಹಣಮಂತಪ್ಪ ಮಾವ ತೊರಗಲ್‌ದಿಂದ ಬಂದಿದ್ದಾರೆ, ಹಿರಿಯರು ಒಬ್ಬರು ಎದುರಿಗೆ ಇರಬೇಕಲ್ಲ. ಪದ್ಧತಿ ಗೊತ್ತೇ ಇದೆ: ದೊಡ್ಡವರು ಎರಡು ಪಾಲು ಮಾಡಿ ಇಡಬೇಕು, ಸಣ್ಣವರು ಮೊದಲು ಆರಿಸಬೇಕು. ಹಾಗಾದರೆ ಯಾರಿಗೂ ಮೋಸ ಇಲ್ಲ.

ಪಾಲು ಮಾಡಿ ಇಡುವುದು ನನ್ನ ಕೈಯಲ್ಲಿ. ಕೊಡ, ಪರಾತ, ಹಂಡೆ — ಇದರಲ್ಲಿ ತಲೆ ಕೆಡಿಸಿಕೊಳ್ಳಲಿಲ್ಲ. ಮಿಕ್ಸರ್ ಒಂದು ಪಾಲಿಗೆ ಇಟ್ಟೆ. ಓವನ್ ಇನ್ನೊಂದಕ್ಕೆ.

ಇವರು ನೋಡಿದರು. “ಓವನ್ ಇಲ್ಲದ ಮಿಕ್ಸರ್ ತಗೊಂಡ ಏನ ಮಾಡೂದು? ಎರಡೂ ಒಂದ ಕಡೆ ಇಡ. ಈ ಕಡೆ ಫ್ರಿಜ್ ಇಡ.”

“ಇರ್ಲಿ ಬಿಡ್ರಿ.”

ಇರಲಿ. ಅವಳು ಮಿಕ್ಸರ್ ಆರಿಸಿದರೆ ಬೇಯಿಸಲು ನನ್ನ ಹತ್ತಿರ ಬರಬೇಕು. ಓವನ್ ಆರಿಸಿದರೆ ತಿರುವಲು ಬರಬೇಕು. ಏನೇ ಆರಿಸಲಿ, ಮಧ್ಯಾಹ್ನಕ್ಕೆ ಮೆಟ್ಟಿಲು ಇಳಿಯಲೇಬೇಕು, ಇಲ್ಲವೇ ನಾನು ಹತ್ತಬೇಕು. ನಾನು ಹತ್ತಲಿಕ್ಕೂ ತಯಾರು. ಕಪಟ ಅಂದರೆ ಅನ್ನಲಿ. ನನಗೆ ಬೇರೆ ಉಪಾಯ ತೋಚಲಿಲ್ಲ.

6 ಏಪ್ರಿಲ್, ರವಿವಾರ

ಪಡಸಾಲೆಯ ಈ ಕಡೆ ಒಂದು ಪಾಲು, ಆ ಕಡೆ ಒಂದು. ಅತ್ತೆ ನಡುವೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಪ್ಪು ಹೆಂಡತಿಯ ಕಡೆ ನೋಡಿದ. ಅಡುಗೆಮನೆಯ ಸಾಮಾನು, ಅವಳೇ ಹೇಳಲಿ ಅಂದರು ಹಣಮಂತಪ್ಪ ಮಾವ.

ಶೀತಲ ಮಿಕ್ಸರ್ ನೋಡಿದಳು. ಓವನ್ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು. ಅವಳಿಗೆ ತಿಳಿಯಿತು ಅಂತ ನನಗೆ ತಿಳಿಯಿತು.

“ಈ ಕಡೇದ ನಮಗಿರ್ಲಿ ಮಾವಾರ, ಓವನ್ ಬಿಟ್ಟು. ಓವನ್, ಮಿಕ್ಸರ್ ಎರಡೂ ಅಕ್ಕಾಗ ಇರ್ಲಿ. ನನಗ ಬ್ಯಾಡ.”

“ನೋಡ ತಂಗೆವ್ವಾ, ಎಂಥಾ ದೊಡ್ಡ ಮನಸ ನಿನ್ನ ಸಣ್ಣ ಸೊಸಿದು” ಅಂದರು ಮಾವ. ಇವರೂ ತಲೆದೂಗಿದರು. ಅತ್ತೆ ಅವಳ ಗಲ್ಲ ಹಿಡಿದು, ದೃಷ್ಟಿ ತೆಗೆದು ಲಟಿಗೆ ಮುರಿದರು. ಎಲ್ಲರಿಗೂ ಸಂತೋಷ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು, ಅದನ್ನು ಯಾರಿಗೆ ಹೇಳಲಿ? ಎರಡೂ ಸಿಕ್ಕವಳು ಅಳುವುದು ಯಾಕೆ ಅಂತ ಕೇಳುತ್ತಾರೆ.

7 ಏಪ್ರಿಲ್, ಸೋಮವಾರ

ತಡೆಯಲಾಗಲಿಲ್ಲ. ಶೀತಲ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ಹೋದೆ.

“ಯಾಕ ಬ್ಯಾಡ ಅಂದಿ?”

ಸಂಡಿಗೆ ಇಡುವುದನ್ನು ನಿಲ್ಲಿಸಲಿಲ್ಲ ಅವಳು. “ತಗೊಂಡ್ರ ಮತ್ತ ಅದ ಆಗತಿತ್ತರಿ.”

“ಯಾವುದು?”

“ಮಿಕ್ಸರ್ ಯಾವ್ದ ತರೂಣು ಅಂತ ನನ್ನ ಕೇಳಿದ್ರಿ. ಸಣ್ಣದ ಅಂದೆ. ನೀವು ದೊಡ್ಡದ ತಂದ್ರಿ. ಮರದಿನ ಗುರುಬಸವ್ವಾರಿಗೆ ನಾವಿಬ್ರೂ ಕೂಡಿ ಆರಿಸಿದ್ವಿ ಅಂದ್ರಿ.” ಇನ್ನೊಂದು ಸಂಡಿಗೆ ಇಟ್ಟು — “ನಿಮಗ ನನ್ನ ಮ್ಯಾಲೆ ಮಾಯೆ-ಮಮತೆ ಐತಿ ಅಕ್ಕಾ. ಅದ ನನಗ ಗೊತ್ತೈತಿ. ಆದ್ರ ನಿಮ್ಮ ಮುಂದ ನಿಂತ್ರ ನನಗ ಏನ ಬೇಕು ಅನ್ನೂದ ನನಗ ಮರತ ಹೋಗತೈತಿ.”

“ಒಂದ ಮಿಕ್ಸರಿಗೆ ಇಷ್ಟೇನ ಶೀತಲಾ?”

“ಮಿಕ್ಸರಿಂದ ಅಲ್ರಿ.”

ಸಿಟ್ಟು ಬಂತು. ಅವಳ ಕೈ ನೋಯುತ್ತದೆ ಅಂತ ತಂದದ್ದು ನಾನು. ಅವಳಿಗೆ ಜ್ವರ ಬಂದರೆ ಗಂಜಿ ಕಾಸಿದ್ದು ನಾನು. ಇದೆಲ್ಲ ಅಂದುಬಿಡಬೇಕು ಅನಿಸಿತು. ಅನ್ನಲಿಲ್ಲ. ಅಂದಿದ್ದರೆ ಅವಳ ಮಾತೇ ಖರೆ ಆಗುತ್ತಿತ್ತು. ಕೆಳಗೆ ಬಂದು ಸುಮ್ಮನೆ ಮಿಕ್ಸರ್ ಒರೆಸಿದೆ.

24 ಏಪ್ರಿಲ್, ಗುರುವಾರ, ಮಧ್ಯಾಹ್ನ

ಮೇಲೆ ಹಾಲು ಉಕ್ಕಿಸಿದರು. ಹೋಗಿ ಹೋಳಿಗೆ ಉಂಡು ಬಂದೆ. ಎದುರಾದರೆ ಮಾತಾಡುತ್ತೇವೆ — ನೀರು ಬಂತೇ, ಕರೆಂಟ್ ಹೋಯಿತೇ. ಆರ್ಡರಿಗೆಲ್ಲ ಆಗುವುದಿಲ್ಲ ಅಂತ ಹೇಳಿ ಕಳಿಸುತ್ತಿದ್ದೇನೆ. ಗುರುಬಸವ್ವನಿಗೆ ಮಾತ್ರ ಹೇಳಲಾಗಲಿಲ್ಲ. ಮೊಮ್ಮಗಳ ಹುಟ್ಟುಹಬ್ಬ, ಸಂಜೆಗೆ ಬೇಕು, ಒಂದು ಕಿಲೋ.

ಸ್ಪಂಜ್ ಚೆನ್ನಾಗಿ ಬಂದಿದೆ. ಕ್ರೀಮ್ ಡಬಲ್ ಹಾಕಿ ಮಿಕ್ಸರ್ ಹಚ್ಚಿದೆ. ತಿರುಗಿತು, ಉಬ್ಬಿತು. ಯಾವಾಗ ನಿಲ್ಲಿಸಬೇಕು? ಅದನ್ನು ಇಷ್ಟು ದಿನ ಶೀತಲ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತೇ ಸಾಕ್ರಿ ಅಕ್ಕಾ ಅನ್ನುತ್ತಿದ್ದಳು, ನಾನು ಬಟನ್ ತಿರುವುತ್ತಿದ್ದೆ. ಇವತ್ತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಬಿಟ್ಟೆ. ಒಡೆಯಿತು. ಕಾಳು ಕಾಳು, ಕೆಳಗೆ ನೀರು. ಬೌಲಿನ ತುಂಬ. ಸಣ್ಣದಾಗಿದ್ದರೆ ಕೆಟ್ಟದ್ದಾದರೂ ಕಡಿಮೆ ಇರುತ್ತಿತ್ತು.

ಫ್ರೀಜರಿನಲ್ಲಿ ಇನ್ನೊಂದೇ ಪ್ಯಾಕೆಟ್ ಇದೆ. ಅದೂ ಒಡೆದರೆ ಆ ಕೂಸಿಗೆ ಕೇಕ್ ಇಲ್ಲ. ಶೀತಲ ಮೇಲೆ ಇದ್ದಾಳೆ, ಪಾತ್ರೆ ಸಪ್ಪಳ ಕೇಳುತ್ತಿದೆ. ನನ್ನ ಮಿಕ್ಸರ್ ಸಪ್ಪಳವೂ ಅವಳಿಗೆ ಕೇಳಿರಬೇಕು. ಎಷ್ಟು ಹೊತ್ತು ತಿರುಗಿತು ಅಂತಲೂ ಗೊತ್ತಾಗಿರಬೇಕು.

ಕರೆಯಬೇಕು. ಎರಡು ಸಲ ಮೆಟ್ಟಿಲ ತನಕ ಹೋಗಿ ತಿರುಗಿ ಬಂದೆ. ಬಾಯಿಗೆ ಬಂದ ಮಾತು ಬಾಯಿಯಲ್ಲೇ ಬೇಡವೆನಿಸುತ್ತದೆ. ಬರೆದು ನೋಡುತ್ತೇನೆ.

“ಶೀತಲಾ, ಲಗೂನ ಕೆಳಗ ಬಾ.” ಇದು ಹುಕುಂ.

“ಗುರುಬಸವ್ವಾರ ಆರ್ಡರ್ ಐತಿ, ಮಂದಿ ಮುಂದ ಮರ್ಯಾದಿ ಹೋಗತೈತಿ.” ಇದು ಹೆದರಿಸಿ ಎಳೆಯುವುದು.

“ನಿನ್ನ ಕೈ ಚಳಕ ಮರತ ಹೋದೀತು, ಒಂದಿಷ್ಟ ಬಾ.” ಇದು ನಾನೇ ಅವಳಿಗೆ ಉಪಕಾರ ಮಾಡಿದ ಹಾಗೆ.

ಮೂರೂ ನನ್ನವೇ. ಅವಳು ಕೇಳಿ ಕೇಳಿ ಸಾಕಾಗಿ ಮೇಲೆ ಹೋದದ್ದು ಇವನ್ನೇ ಇರಬೇಕು.

“ಶೀತಲಾ, ನನಗ ಬರವಲ್ದು. ನೀ ಬಂದ ತೋರಸ್ತೀಯೇನ?” ಇದನ್ನೇ ಕೇಳಲು ಮೆಟ್ಟಿಲು ಹತ್ತುತ್ತೇನೆ.