ಗೋಡೆಯಾಚೆಗೆ ಎಷ್ಟು ಕೇಳಿಸುತ್ತದೆ

ಎಣ್ಣೂರು,
ಮಂಗಳವಾರ, ೨೦೦೬

ನನ್ನ ಕೂಸು ಸುಮೇಧಾಳಿಗೆ ನಿನ್ನ ಲಿಂಗವ್ವ ಬರೆಯುವ ಕಾಗದ.

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮವರನ್ನು, ನಿನ್ನ ಅಂದಾನಿ ಮಾಮನನ್ನು, ಕಂಪನಿಯ ಗೇಟಿಗೆ ಒರಗಿಸಿ ನಾಲ್ಕು ಜನ ಅದುಮಿ ಹಿಡಿದಿದ್ದರು. ಇನ್ನೊಬ್ಬ ಅವರ ಬಾಯಿಗೆ ಕಾಗದ ತುರುಕುತ್ತಿದ್ದ. ಹಾಳೆಯನ್ನು ಉಂಡೆ ಮಾಡುವುದು, ಕಬ್ಬಿಣದ ಪೈಪಿನ ತುದಿಯಿಂದ ಗಂಟಲಿಗೆ ಒತ್ತುವುದು. ಹಲ್ಲು ಮುರಿದು ಹಾಳೆಗಳೆಲ್ಲ ಕೆಂಪಾಗಿದ್ದವು. ಅವು ನೀನು ಭಾನುವಾರ ನಮಗೆ ಓದಿ ಹೇಳಿದ ಹಾಳೆಗಳೇ. ನಾನು ಊಟದ ಡಬ್ಬಿ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ.

ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳಬಾರದು, ಹರಿಯುವ ನೀರಿಗೆ ಹೇಳಿಬಿಡಬೇಕು ಎನ್ನುತ್ತಿದ್ದಳು ನಮ್ಮವ್ವ. ಇಲ್ಲಿ ಹತ್ತಿರದಲ್ಲಿ ಹರಿಯುವ ನೀರೆಂದರೆ ಕಂಪನಿಯ ಬೂದಿನೀರಿನ ಕಾಲುವೆ ಒಂದೇ. ಅದರ ಮುಂದೆ ಬಾಯಿ ತೆರೆಯಲು ನನಗೆ ಧೈರ್ಯವಿಲ್ಲ. ಫೋನು ಮಾಡೋಣವೆಂದರೆ ಬೂತಿನವನು ಕಾವಲಿನ ಮೇಸ್ತ್ರಿ ಭೋಜರಾಜನ ಜೊತೆ ಕೂತು ಉಣ್ಣುವವನು. ಅದಕ್ಕೇ ಬರೆದು ಆಯಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಆಯಾ ಗೊತ್ತಲ್ಲ, ಮೀನು ಮಾರುವ ಮುದುಕಿ, ಸತ್ತ ದೇಸಿಂಗುವಿನ ಅತ್ತೆ. ನಿನ್ನ ಅಡ್ಯಾರಿನ ಆಫೀಸಿಗೆ ಹೋಗುವ ಬಸ್ಸು ಅವಳಿಗೆ ಗೊತ್ತು. ಕನ್ನಡ ಓದಲು ಬಾರದು. ಆದ್ದರಿಂದ ಅವಳ ವಿಷಯವನ್ನೂ ಇದರಲ್ಲೇ ಬರೆಯುತ್ತೇನೆ.

ಭಾನುವಾರ ನೀನು ನಮ್ಮ ಚಾಪೆಯ ಮೇಲೆ ಕೂತು ದೇಸಿಂಗುವಿನ ಸಾವಿನ ಬಗ್ಗೆ ನೀನು ಬರೆದ ವರದಿಯನ್ನು ಕನ್ನಡ ಮಾಡಿ ಹೇಳಿದಾಗ ನಾನೂ ತಲೆಯಾಡಿಸಿದೆ. ನಿನ್ನ ಮಾಮನ ಹೆಸರಿಲ್ಲ, ವಯಸ್ಸಿಲ್ಲ, ಊರಿಲ್ಲ. ಕಾವಲುಗಾರರಲ್ಲಿ ಒಬ್ಬರು ಹೇಳಿದ್ದು ಎಂದಷ್ಟೇ ಇದೆ. ಅಂಥವರು ಮೂವತ್ತು ಜನ, ಯಾರೆಂದು ಗೊತ್ತಾಗುವುದಿಲ್ಲ ಎಂದೆ ನೀನು. ಗೊತ್ತಾಗುತ್ತದೆ ಕೂಸೇ. ಆ ಮೂವತ್ತು ಜನರನ್ನು ಕಂಪನಿಗೆ ತಂದು ಕೊಟ್ಟವನು ಭೋಜರಾಜ. ಅವನಿಗೆ ಓದಿಸಿಕೊಂಡ ತಕ್ಷಣ ಗೊತ್ತಾಗುತ್ತದೆ. ಹೇಗೆ ಎಂದು ಹೇಳಬೇಕಾದರೆ ನಾನು ಸ್ವಲ್ಪ ಹಿಂದಿನಿಂದ ಬರಬೇಕು.

ನಿಮ್ಮ ಬೆಸೆಂಟ್ ನಗರದ ಮನೆಗೆ ನಿಮ್ಮಜ್ಜಿ ಅಮ್ಮಣ್ಣಿಯವರು ನನ್ನನ್ನು ಇಟ್ಟುಕೊಂಡದ್ದು ನನಗೆ ಕನ್ನಡ ಬರುತ್ತದೆ ಎಂದು. ಮೂರು ತಲೆಮಾರು ಮದರಾಸಿನಲ್ಲೇ ಕಳೆದ ಮನೆ, ನೀನು ಮಾತು ಕಲಿತದ್ದೇ ತಮಿಳಿನಲ್ಲಿ. "ಕೊಳಂದೆ ಪೂರಾ ತಮಿಳೇ ಆಗೋಯ್ತು ಶಿವಲಿಂಗೂ, ಅದರ ಹತ್ರ ನೀನು ಕನ್ನಡ ಬಿಟ್ಟು ಬೇರೆ ಆಡಕೂಡದು" ಎಂದು ಮೊದಲ ದಿನವೇ ನಿನ್ನನ್ನು ತೋರಿಸಿ ಕಟ್ಟುಮಾಡಿದರು. ಅಡುಗೆಮನೆಯ ಹೊಸಿಲು ದಾಟಲು ನನ್ನನ್ನು ಬಿಡುತ್ತಿರಲಿಲ್ಲ, ನನ್ನ ಮಾತನ್ನು ಮಾತ್ರ ಒಳಗೆ ಬಿಟ್ಟುಕೊಂಡರು. ವರ್ಷ ತುಂಬುವ ಮೊದಲೇ ನೀನು ಎಲೆಯ ಮುಂದೆ ಕೂತು "ಅಜ್ಜಿ, ಬಿರ್ರನ ಉಣ್ಣಾಕಿಕ್ಕು" ಎಂದೆ. ಅವರು ಹಣೆ ಚಚ್ಚಿಕೊಂಡು, ಕನ್ನಡ ಬರಲಿ ಅಂದರೆ ಕೊಳ್ಳೇಗಾಲ ಬಂತಲ್ಲೇ ಎಂದು ನಿಮ್ಮ ತಾತನನ್ನು ಕರೆದು ತೋರಿಸಿದರು. ಆ ಮನೆಯಲ್ಲಿ ತಮಿಳು ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂದು ಯಾರೂ ನೋಡುತ್ತಿರಲಿಲ್ಲ. ನಿನಗೆ ಇವತ್ತಿಗೂ ಅದು ಕಾಣುವುದಿಲ್ಲ. ತಪ್ಪಾಗಿರುವುದು ಅಲ್ಲೇ.

ನಿನ್ನ ಮಾಮನಿಗೆ ಕೆಲಸ ಸಿಕ್ಕಿದ್ದು ತಮಿಳು ಬರುವುದಿಲ್ಲ ಎಂಬ ಲೆಕ್ಕದಲ್ಲಿ. ಮೀನುಗಾರರ ಕೇರಿಯ, ಈ ಕುಪ್ಪದವರ, ದೋಣಿದಾರಿಗೆ ಅಡ್ಡ ಗೋಡೆ ಎಬ್ಬಿಸುವಾಗ ಕಂಪನಿಯವರು ಹೇಳಿದ್ದರಂತೆ, ಇಲ್ಲಿಯವರನ್ನು ಕಾವಲಿಗಿಟ್ಟರೆ ಕುಪ್ಪದ ಜನ ಅತ್ತಾಗ ಕರಗುತ್ತಾರೆ, ಮಾತು ತಿಳಿಯದವರನ್ನೇ ತನ್ನಿ ಎಂದು. ಭೋಜರಾಜ ನಮ್ಮ ಕಡೆಯ ಹಳ್ಳಿಗಳಿಂದ ಆರಿಸಿ ಆರಿಸಿ ಲಾರಿಯಲ್ಲಿ ತಂದ. ನಿನ್ನ ಮಾಮ ಆಗ ಕೆಲಸವಿಲ್ಲದೆ ಕೂತಿದ್ದರು. ದೂರದ ನಂಟನೆಂದು ಅವರನ್ನೂ ಸೇರಿಸಿದ. "ತಮಿಳು ಬರದಿಲ್ಲ ಅನ್ನು. ಬಾಯಿ ಬುಟ್ಟೀಯೆ, ನಿಂದೂ ಹೋಯ್ತದ, ನಂದೂ ಹೋಯ್ತದ" ಎಂದಿದ್ದ. ಇಪ್ಪತ್ತೈದು ವರ್ಷ ಈ ಊರಿನ ಅನ್ನ ತಿಂದವರು ಮರುದಿನದಿಂದ ಕೆಪ್ಪನ ಹಾಗೆ ಗೇಟಿನಲ್ಲಿ ನಿಂತರು.

ಕುಪ್ಪದ ಹೆಂಗಸರು ಬಂದು ಇವರ ಮುಖಕ್ಕೇ ಅವ್ವ ಅಪ್ಪನನ್ನೆಲ್ಲ ತೆಗೆದು ಬೈಯುತ್ತಿದ್ದರು. ಬೇರೆ ಹುಡುಗರಿಗೆ ಅದು ಗಾಳಿ. ಇವರಿಗೆ ಒಂದೊಂದೂ ನಾಟುತ್ತಿತ್ತು. ಮನೆಗೆ ಬಂದು ಅದನ್ನೆಲ್ಲ ನನಗೆ ಒಪ್ಪಿಸಿ ಒಂದೊಂದು ಸಲ ನಗುತ್ತಿದ್ದರು, ಒಂದೊಂದು ಸಲ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಂದು ದಿನ ಆಯಾ ಬುಟ್ಟಿ ಇಳಿಸಿ, ಇವರ ಎದುರಿಗೇ ನಿಂತು, "ಇವನ್ ಮೀಸೆಯ ಪಾರು, ಕಾಂಜ ಕರುವಾಡು ಮಾದಿರಿ" ಎಂದಳಂತೆ. ಒಣಮೀನಿನಂಥ ಮೀಸೆ ಎಂದು. ಎಷ್ಟು ಬಿಗಿಹಿಡಿದರೂ ತುಟಿ ಅಲುಗಿಹೋಯಿತು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ದಿನಾ ಹೋಗುವಾಗ ಒಂದು ಹೊಸ ಬೈಗುಳ ಇವರಿಗೆಂದೇ ಬಿಟ್ಟುಹೋಗುತ್ತಿದ್ದಳು. ಇವರಿಗೆ ತಮಿಳು ತಿಳಿಯುತ್ತದೆಂದು ಕಂಪನಿಯವರ ಕಿವಿಗೆ ಮಾತ್ರ ಹಾಕಲಿಲ್ಲ. ಅಳಿಯ ದೇಸಿಂಗುವಿಗೆ ಹೇಳಿದ್ದಳು.

ದೇಸಿಂಗುವಿಗೆ ಆದದ್ದನ್ನು ನೀನು ವರದಿಯಲ್ಲಿ ಬರೆದಿದ್ದೀಯೆ. ಆದರೆ ಇಂಗ್ಲಿಷಿನಲ್ಲಿ ಅದು ಸ್ವಲ್ಪ ಒಗೆದು ಮಡಿಚಿಟ್ಟ ಬಟ್ಟೆಯಂತಿದೆ. ನಮ್ಮ ಮನೆಗೆ ಬಂದದ್ದು ಹಸಿಹಸಿಯಾಗಿ. ಗೋಡೆಯೊಳಗೆ ಸಿಕ್ಕಿಹಾಕಿಕೊಂಡಿದ್ದ ತನ್ನ ಬಲೆ ತೆಗೆದುಕೊಳ್ಳಲು ಅವನು ನಡುಮಧ್ಯಾಹ್ನ ನುಸುಳಿ ಬಂದ. ಕಾಲುವೆಯ ದಂಡೆಯ ಮೇಲೆ ಹಿಡಿದರು. ಮೊದಲು ಬೆನ್ನಿಗೆ, ಆಮೇಲೆ ಹೆಗಲಿಗೆ. ಪೈಪು ಮಾಂಸಕ್ಕೆ ಬಿದ್ದರೆ ಒಂದು ಸದ್ದು, ಮೂಳೆಗೆ ಬಿದ್ದರೆ ಇನ್ನೊಂದು ಎಂದು ನಿನ್ನ ಮಾಮ ಅವತ್ತು ಹೇಳಿದ್ದನ್ನು ನಾನು ಮರೆಯಲಾರೆ. ನಮ್ಮ ಹುಡುಗರೇ ಹೊಡೆದದ್ದು. ನನ್ನ ಕೈಯ ಮುದ್ದೆ ಉಂಡ ಹುಡುಗರು. ದೇಸಿಂಗು ಬಿದ್ದ, ಮತ್ತೆ ಎದ್ದ, ಕೈ ಮುಗಿದ. "ನಾನೇ ನಡಂದು ಪೋಯಿಡರೇನ್, ವಿಟ್ಟುಡುಂಗ" ಎಂದ. ನಾನೇ ನಡೆದು ಹೋಗುತ್ತೇನೆ, ಬಿಟ್ಟುಬಿಡಿ ಎಂದು. ಭೋಜರಾಜ ಹುಡುಗರನ್ನು ಕೇಳಿದ, "ಏನ್ಲಾ ಬೊಗುಳ್ತಾವ್ನ ಅಂವ?" ಯಾರಿಗೂ ತಿಳಿಯಲಿಲ್ಲ. ಮುಂದಿನ ಏಟು ಮಂಡಿಗೆ. ಆಮೇಲೆ ಕಾಲಿನಿಂದ ತಳ್ಳಿ ಕಾಲುವೆಗೆ ಕೆಡವಿದರು. ಬಿಸಿ ಬೂದಿನೀರು, ಹಿಡಿದು ಹತ್ತಲು ಏನೂ ಇಲ್ಲ, ಮುರಿದ ಮಂಡಿ. ಕುಪ್ಪದವರು ಎಳೆದು ಹಾಕುವಾಗ ತೋಳಿನ ಚರ್ಮ ಕೈಗೆ ಬಂತಂತೆ. ಕುಡಿದು ಬಿದ್ದ ಎಂದು ಕಂಪನಿ ಹೇಳಿತು. ಪೊಲೀಸರೂ ಹಾಗೆಯೇ ಬರೆದುಕೊಂಡರು.

ಭೋಜರಾಜ ಏನು ಮಾಡಬಲ್ಲ ಎಂದು ನಿನಗೆ ಅನುಮಾನವಿದ್ದರೆ ರಾಘವೇಂದ್ರನನ್ನು ನೆನೆಸಿಕೋ. ಅವನೂ ಕಾವಲಿನವನೇ, ಇಬ್ಬರು ಮಕ್ಕಳ ತಂದೆ. ಯಾರೋ ಪತ್ರಿಕೆಯವನ ಹತ್ತಿರ ಎರಡು ಮಾತು ಆಡಿದ್ದಕ್ಕೆ ಅವನ ಬಲಗೈಯನ್ನು ದೊಡ್ಡ ಗೇಟಿನ ಸಂದಿಯಲ್ಲಿಟ್ಟು ಗೇಟು ಹಾಕಿದರು. ತೆಗೆದು, ಇನ್ನೊಮ್ಮೆ ಹಾಕಿದರು. ಕೈಗೆ ಟವೆಲು ಸುತ್ತಿ ಊರಿನ ಬಸ್ಸು ಹತ್ತಿಸಿದರು. ಆ ಟವೆಲು ನಮ್ಮ ಮನೆಯದು.

ಇಷ್ಟೆಲ್ಲ ಇದ್ದೂ ನಿನ್ನ ಮುಂದೆ ಬಾಯಿ ಬಿಡಲು ಅವರಿಗೆ ನಾನೇ ಹೇಳಿದೆ. ಯಾಕೆಂದರೆ ನೀನು ಮೇಷ್ಟ್ರುಗಳ ಮಾತು ಹೇಳಿದೆ. ಎಲ್ಲೋ ಚಳಿ ದೇಶದ ಮೇಷ್ಟ್ರುಗಳು ತಿಂಗಳು ತಿಂಗಳೂ ಪಿಂಚಣಿಗೆಂದು ಎತ್ತಿಡುವ ದುಡ್ಡು ಈ ಕಂಪನಿಯ ಷೇರಿನಲ್ಲಿದೆ, ಆ ನಿಧಿಯವರೇ ನಿನ್ನ ಆಫೀಸಿಗೆ ವಿಚಾರಿಸಿ ಎಂದಿದ್ದಾರೆ, ನಿಜವೆಂದು ತೋರಿದರೆ ಮೊದಲು ಕಂಪನಿಯ ಜವಾಬು ಕೇಳಿ, ಆಮೇಲೆ ಷೇರೆಲ್ಲ ಮಾರಿ ಕೈ ಬಿಡುತ್ತಾರೆ ಎಂದೆ. ನನಗೆ ಮೇಷ್ಟ್ರೆಂದರೆ ಬೆತ್ತ. ಐದನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ಎಡಗಿವಿಯ ಮೇಲೆ ಹೊಡೆದರು, ರಕ್ತ ಬಂತು, ಆ ಕಿವಿ ಹೋಯಿತು, ನನ್ನ ಓದೂ ಅಲ್ಲಿಗೆ ಹೋಯಿತು. ನಮ್ಮ ದುಡ್ಡು ಯಾರ ಬೆನ್ನು ಮುರಿಯುತ್ತಿದೆ ಎಂದು ಕೇಳುವ ಮೇಷ್ಟ್ರುಗಳೂ ಇದ್ದಾರೆ ಎಂಬುದು ನನಗೆ ಹೊಸದು. ಚಿಂತೆಯೂ ಇತ್ತು. ಅವರು ಮಾರಿದ್ದನ್ನು ಇನ್ಯಾರೋ ಕೊಳ್ಳುತ್ತಾನೆ, ಕೊಂಡವನು ನಿನ್ನಂಥವಳನ್ನು ಕಳಿಸುತ್ತಾನೆಯೇ ಎಂದು ಕೇಳಿದೆ. ಗ್ಯಾರಂಟಿ ಇಲ್ಲ ಲಿಂಗವ್ವ, ಆದರೆ ಇಷ್ಟು ದೊಡ್ಡವರು ಕಾರಣ ಹೇಳಿ ಹೊರಟರೆ ಕಂಪನಿ ಕಟ್ಟಲಿರುವ ಎರಡನೇ ಜೆಟ್ಟಿಗೆ, ಹಡಗು ನಿಲ್ಲುವ ಕಟ್ಟೆಗೆ, ಸಾಲ ಕೊಡುವವರು ಹಿಂದೆಮುಂದೆ ನೋಡುತ್ತಾರೆ, ಜೆಟ್ಟಿ ನಿಂತರೆ ಗೋಡೆ ಮುಂದಕ್ಕೆ ಹೋಗುವುದಿಲ್ಲ ಎಂದೆ. ನೀನು ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೇ ನಾನು ಒಪ್ಪಿದೆ.

ಈಗ ತಪ್ಪು ಎಲ್ಲಿ ಎಂದು ಹೇಳುತ್ತೇನೆ. ವರದಿಯ ಒಂದು ಪ್ರತಿ ಕಂಪನಿಗೂ ಹೋಗುತ್ತದೆ. ಅದರಲ್ಲಿ ದೇಸಿಂಗು ಆಡಿದ ಮಾತನ್ನು ನೀನು ಅವನ ತಮಿಳಿನಲ್ಲೇ ಇಟ್ಟು, ಪಕ್ಕದಲ್ಲಿ ಅರ್ಥ ಬರೆದಿದ್ದೀಯೆ. ಕಾವಲುಗಾರರೊಬ್ಬರು ಕೇಳಿದ್ದು ಎಂದಿದ್ದೀಯೆ. ಯಾವ ಕಾವಲುಗಾರ? ಉಳಿದವರಿಗೆಲ್ಲ ಅದು ಬೊಗಳಿದ ಸದ್ದು. ಅದನ್ನು ಮಾತಾಗಿ ಕೇಳಿಸಿಕೊಂಡವರು ಒಬ್ಬರೇ, ಅವರಿಗೆ ತಮಿಳು ಬರುತ್ತದೆಂದು ಕಂಪನಿಯ ಕಡೆ ಗೊತ್ತಿರುವವನೂ ಒಬ್ಬನೇ, ಭೋಜರಾಜ. ಎರಡು ಭಾಷೆ ಬೆರೆಸಿ ಉಣ್ಣುವ ಮನೆಯಲ್ಲಿ ಬೆಳೆದವಳು ನೀನು, ನಿನಗೆ ಅದು ಹೊಳೆಯಲಿಲ್ಲ. ನಿನ್ನನ್ನು ಬೆಳೆಸಿದ ನನಗೂ ಇವತ್ತಿನವರೆಗೆ ಹೊಳೆಯಲಿಲ್ಲ.

ಕನಸು ಬಿದ್ದ ಮೇಲೆ ಅವರನ್ನು ಎಬ್ಬಿಸಿ ಹೇಳಿದೆ, ಆ ಒಂದು ಮಾತು ತೆಗೆಸಿಬಿಡೋಣ ಎಂದು. ಒಪ್ಪಲಿಲ್ಲ. "ಅದ ತಗುದ್ರ ಅಂವ ಕುಡ್ದು ಬಿದ್ದ ಅನ್ನದೇ ನಿಜ ಆಯ್ತದ ಕನಮ್ಮಿ. ಇಷ್ಟು ವರ್ಸ ಕೇಳ್ನಿಲ್ಲ ಅಂತ ನಿಂತಿವ್ನಿ. ಇನ್ನೂ ಕೇಳ್ನಿಲ್ಲ ಅನ್ನಾಕಾ?" ಎಂದರು. ಜಗಳವಾಡಿದೆ. ಅವರ ಎದೆಗೆ ಗುದ್ದಿದೆ, ಅತ್ತೆ. ಆಗ ನಿನಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ಹೇಳಿದರು.

ದೇಸಿಂಗು ಇನ್ನೊಂದು ಮಾತು ಆಡಿದ್ದ. ಇವರ ಕಡೆಗೇ ತಿರುಗಿ, "ಅಣ್ಣೇ, ನೀ ಸೊಲ್ಲು ಅವಂಗಕಿಟ್ಟೆ" ಎಂದಿದ್ದ. ಅಣ್ಣಾ, ನೀನು ಅವರಿಗೆ ಹೇಳು ಎಂದು. ಭೋಜರಾಜ ಇವರನ್ನು ನೋಡಿ ಮೆಲ್ಲಗೆ ಕೇಳಿದನಂತೆ, "ನಿಂಗೂ ತಮಿಳು ಬರದಿಲ್ಲ ಅಲ್ವೇನ್ಲಾ, ಅಂದಾನಿ?" ಇವರು ಸುಮ್ಮನೆ ನಿಂತರು. ಆಮೇಲೇ ಮಂಡಿಗೆ ಬಿದ್ದದ್ದು. ಅದನ್ನು ನನಗೆ ಹೇಳಿ ಅವರು ಎದ್ದು ಮುಖ ತೊಳೆದು, ಸಮವಸ್ತ್ರ ಹಾಕಿಕೊಂಡು, ಅದೇ ಗೇಟಿಗೆ ಹೋದರು. ನಾನು ತಡೆಯಲಿಲ್ಲ. ಏನೆಂದು ತಡೆಯಲಿ?

ಕಾಲು ನಿಲ್ಲದೆ ಆಯಾಳ ಗುಡಿಸಲಿಗೆ ಹೋದೆ. ಮೊದಲ ಮಾತು ತಮಿಳಿನಲ್ಲಿರುವುದರಿಂದ ನಮ್ಮವರ ಕುತ್ತಿಗೆಗೆ ಬರುತ್ತದೆ ಎಂದು ಮಾತ್ರ ಹೇಳಿದೆ. ಎರಡನೆಯದನ್ನು ನನ್ನಲ್ಲೇ ಇಟ್ಟುಕೊಂಡೆ. ಅವಳು ಮೀನು ಉಜ್ಜುತ್ತಲೇ ಹೇಳಿದಳು, ಅವತ್ತು ನಾನು ಗೋಡೆಯ ಈಚೆ ಕರುವಾಡು ಒಣಹಾಕುತ್ತಿದ್ದೆ, ಅಳಿಯನ ದನಿ ನನಗೂ ಕೇಳಿಸಿತು, ನಡೆದು ಹೋಗುತ್ತೇನೆ ಎಂದ, ನನ್ನ ಹೆಸರು ಹಾಕಿ ಬರೆಯಲು ಹೇಳು, ಗಂಡನನ್ನು ಕಡಲು ತಿಂದಿತು ಅಳಿಯನನ್ನು ಕಂಪನಿ ತಿಂದಿತು, ನನ್ನನ್ನು ತಿನ್ನಲು ಬಂದರೆ ಮುಳ್ಳೇ ಸಿಗುವುದು ಎಂದು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರು ಕೇಳಿದರು ಎಂದಳು.

ಹಾಗೆ ಬರೆದರೆ ನಿನ್ನ ಮಾಮ ಉಳಿಯುತ್ತಾರೆ, ಮಾತೂ ಉಳಿಯುತ್ತದೆ. ಆದರೆ ನನ್ನ ಹಾಳು ತಲೆ ಸುಮ್ಮನಿರುವುದಿಲ್ಲ. ಮುದುಕಿಗೆ ನಿಜವಾಗಿ ಕೇಳಿಸಿತೋ, ನಮ್ಮವರನ್ನು ಕಾಯಲು ಹೇಳುತ್ತಿದ್ದಾಳೋ? ಆ ಗೋಡೆ ಎರಡಾಳೆತ್ತರ, ಪಕ್ಕದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟು ಹಗಲೆಲ್ಲ ಗಡಗಡ ಎನ್ನುತ್ತದೆ. ಅಲ್ಲಿ ನಿಂತರೆ ಏನೂ ಕೇಳಿಸುವುದಿಲ್ಲ ಎಂದು ಕಂಪನಿಯವರು ತೋರಿಸಿಬಿಟ್ಟರೆ ವರದಿ ಇಡಿಯಾಗಿ ಸುಳ್ಳಾಗುತ್ತದೆ, ಮೇಷ್ಟ್ರುಗಳು ಸುಮ್ಮನಾಗುತ್ತಾರೆ, ಆಯಾಳ ಹೆಸರು ಮಾತ್ರ ಭೋಜರಾಜನ ಕೈಯಲ್ಲಿ ಉಳಿಯುತ್ತದೆ. ನಾನೇ ಹೋಗಿ ಕೇಳಿಸಿಕೊಳ್ಳೋಣವೆಂದರೆ ನನ್ನದು ಒಂದೇ ಕಿವಿ.

ಗೇಟಿಗೆ ಊಟದ ಡಬ್ಬಿ ಕೊಡಲು ಹೋದಾಗ ಇದನ್ನು ಅವರ ಹತ್ತಿರ ಹೇಳಿದೆ. ಅವರೇ ದಾರಿ ತೋರಿಸಿದರು. ಗುರುವಾರ ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಅವರೊಬ್ಬರದೇ ಕಾವಲು. ದೇಸಿಂಗು ನಿಂತಿದ್ದ ಜಾಗದಲ್ಲೇ ನಿಂತು ಆ ಮಾತನ್ನು ತಮಿಳಿನಲ್ಲಿ, ಅವನು ಆಡಿದಷ್ಟೇ ದನಿಯಲ್ಲಿ ಹೇಳುತ್ತಾರಂತೆ. ಯಾರಾದರೂ ಕೇಳಿಸಿಕೊಂಡರೆ ಎಂದೆ. ಕೇಳಿಸಿಕೊಳ್ಳಲಿ ಎಂದರು. ನೀನು ಮೀನು ಕೊಳ್ಳುವವಳ ಹಾಗೆ ಈಚೆ ಆಯಾಳ ಪಕ್ಕದಲ್ಲಿ ಬಂದು ನಿಲ್ಲು. ತಲೆಗೆ ಸೆರಗು ಹೊದ್ದುಕೋ, ಬಿಸಿಲು. ಬರುವುದು ಅಪಾಯ ಎನ್ನಿಸಿದರೆ ಬರಬೇಡ ಕೂಸೇ, ಆ ಮಾತನ್ನೇ ತೆಗೆದುಬಿಡು, ಅವರ ಕೋಪವನ್ನು ನಾನು ನೋಡಿಕೊಳ್ಳುತ್ತೇನೆ.

ಏಳುಮಲೆಯ ಮಾದಪ್ಪ ನಿನ್ನ ಕಣ್ಣು, ಕಿವಿ, ಕೈಬೆರಳು ಎಲ್ಲವನ್ನೂ ನೆಟ್ಟಗೆ ಇಟ್ಟಿರಲಿ. ನೂರು ವರ್ಷ ಬಾಳು.

ನಿನ್ನನ್ನು ಎತ್ತಿ ಆಡಿಸಿದ
ಲಿಂಗವ್ವ

ಅವರು ಎರಡೂ ಮಾತು ಹೇಳುತ್ತಾರೆ. ಮೊದಲನೆಯದು ಕೇಳಿಸಿದರೆ ವರದಿಗೆ ಸಾಕು. ಎರಡನೆಯದನ್ನು ಆಯಾ ನನಗೆ ಹೇಳಲೇ ಇಲ್ಲ. ಕೇಳಿಸದೆ ಹೇಳಲಿಲ್ಲವೋ, ಅಳಿಯ ಇವರನ್ನೇ ಕರೆದದ್ದನ್ನು ಕೇಳಿಸಿಕೊಂಡೂ ನುಂಗಿದಳೋ ನನಗೆ ತಿಳಿಯದು. ಅವಳನ್ನು ಕೇಳಬೇಡ. ಗೋಡೆಗೆ ಕಿವಿಯಿಟ್ಟು, ಆ ಎರಡನೆಯದು ಈಚೆಗೆ ಬರುತ್ತದೆಯೇ ಎಂದು, ಅದೊಂದನ್ನು ಮಾತ್ರ ಸರ‍್ಯಾಗಿ ನೋಡು.