ಕೂತು ಮಾಡುವ ಕೆಲಸ

ಕಮಲಾಪುರ,
9 ಫೆಬ್ರವರಿ 2025

ಪ್ರೀತಿಯ ಲಲಿತಾ,

ನಿನ್ನ ಪತ್ರ ಗುರುವಾರ ಬಂತು. ಹೊಲಿಗೆ ಯಂತ್ರ ಮಾರಿ, ಶಿವರಾತ್ರಿ ಮುಗಿಸಿ ಬಂಡ್ರಿಯಿಂದ ಬುಟ್ಟಿ ಷೆಡ್ಡಿನ ಕೆಲಸಕ್ಕೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ನಾಲ್ಕು ಸಲ ಓದಿದೆ. ನಿನಗೆ ಫೋನು ಕೇಳಿಸದು, ನಿಮ್ಮಣ್ಣನ ಫೋನಿಗೆ ಇದನ್ನೆಲ್ಲ ಕಳಿಸಲಾರೆ. ಅದಕ್ಕೇ ಈ ಕಾಗದ.

ಹಾಸ್ಟೆಲ್ಲಿನಲ್ಲಿ ನೀನು ಕಲಿಸಿದ ಕೈಮಾತು ನಾನಿನ್ನೂ ಮರೆತಿಲ್ಲ. ಇಲ್ಲಿ ಅದನ್ನು ಆಡಲು ಯಾರೂ ಇಲ್ಲ. ಮಧ್ಯಾಹ್ನ ಉಣ್ಣಲು ಎಲ್ಲರೂ ಕಾಲುವೆ ದಂಡೆಗೆ ಇಳಿಯುತ್ತಾರೆ. ನನ್ನ ಕಾಲಿಗೆ ಆ ಇಳಿಜಾರು ಆಗದು. ಷೆಡ್ಡಿನಲ್ಲಿ ಒಬ್ಬಳೇ ಉಂಡು ಅವರ ಚೀಲಗಳನ್ನು ಕಾಯುತ್ತೇನೆ. ಕೆಲವು ದಿನ ಗೋಡೆಯ ಕಡೆ ತಿರುಗಿ ನಿನ್ನ ಹೆಸರನ್ನು ಕೈಯಲ್ಲಿ ಹೇಳುತ್ತೇನೆ.

ಈಗ ಕೂಲಿಯ ವಿಷಯ. ಎಲ್ಲರಿಗೂ ಒಂದೇ ಕೂಲಿ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ಸುಳ್ಳು. ಅವರಿಗೆ ದಿನಕ್ಕೆ ಮುನ್ನೂರೈವತ್ತು, ನನಗೆ ಇನ್ನೂರು. ಬಾಳೆನಾರಿನ ಬುಟ್ಟಿ ಹೆಣೆಯುವುದು ಕೂತು ಮಾಡುವ ಕೆಲಸ. ಹನ್ನೊಂದು ಹೆಂಗಸರೂ ನೆಲದ ಮೇಲೆ ಕೂತೇ ಹೆಣೆಯುತ್ತೇವೆ. ನನ್ನ ಬುಟ್ಟಿಯೂ ಹಂಪಿಯ ಅಂಗಡಿಗಳಲ್ಲಿ ಅದೇ ಬೆಲೆಗೆ ಹೋಗುತ್ತದೆ. ಶನಿವಾರ ಕೂಲಿಗೆಂದು ಎದ್ದು ನಿಂತಾಗ ಮಾತ್ರ ನಾನು ಕುಂಟಿಯಾಗುತ್ತೇನೆ.

ನಿನ್ನೆ ನನ್ನ ಪಕ್ಕದಲ್ಲಿ ಹೆಣೆಯುವ ತಾಯಕ್ಕ ಮಾಲೀಕ ಸಿದ್ದಲಿಂಗೇಶ್ ಅವರನ್ನು ಕೇಳಿಯೇಬಿಟ್ಟಳು: “ಅಲ್ರೀ ಸಾವ್ಕಾರ್ರ, ಆಕಿ ಕಾಲಿಂದ ಹೆಣಿತಾಳೇನ್ರಿ?” ಎಲ್ಲರೂ ನಕ್ಕರು, ಅವರೂ ನಕ್ಕರು. “ಹೊರಗ ಯಾರ್ ಕೆಲಸ ಕೊಡ್ತಾರವ್ವ ಆಕಿಗೆ? ಅಷ್ಟು ಮರುಕ ಬಂದ್ರ ನಿನ್ ಕೂಲ್ಯಾಗ ಪಾಲು ಕೊಡು” ಎಂದರು. ತಾಯಕ್ಕ ತನ್ನ ಬುಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಸಾವ್ಕಾರರು ನನ್ನ ಕಡೆ ತಿರುಗಿ, “ನಿನ್ ಗೆಳತಿ ಯಾವಾಗ ಬರ್ತಾಳ? ಕಿವಿ ಕೇಳಲ್ಲಂದ್ರ ಭಾಳ ಚಲೋ ಆತು. ಹಿಂಗ ಎದುರು ಮಾತಾಡಂಗಿಲ್ಲ” ಎಂದರು.

ಆಗಲೂ ನಾನು ನಕ್ಕೆ, ಲಲಿತಾ. ಅಷ್ಟು ಜನರ ನಡುವೆ ಒಬ್ಬಳೇ ನಗದೆ ಇರುವುದು ಕಷ್ಟ.

ನೀನು ಬಂದರೆ ನನ್ನ ಮಧ್ಯಾಹ್ನಗಳು ಬೇರೆಯಾಗುತ್ತವೆ. ಅದಕ್ಕಾಗಿಯೇ ಸುಳ್ಳು ಬರೆದೆ. ಬರಬೇಡ. ಬಂಡ್ರಿಯಲ್ಲಿ ನೀನು ಹೊಲಿದ ರವಿಕೆಗೆ ಬೇರೆ ದರ್ಜಿಗೆ ಕೊಡುವಷ್ಟೇ ಕೊಡುತ್ತಾರೆ. ಯಂತ್ರ ಮಾರಬೇಡ.

ಗೋಡೆಯ ಕಡೆ ಮುಖ ಮಾಡಿ ಕೂತಿರುವ, ನಿನ್ನ
ಗಂಗೋತ್ರಿ

ಮೇಲೆ ಬರೆಯಲಾಗದ್ದು: ನಿನಗೆ ಎಷ್ಟು ಕೂಲಿ ಕೊಡಬೇಕೆಂದು ಕಳೆದ ತಿಂಗಳು ಸಾವ್ಕಾರರು ನನ್ನನ್ನೇ ಕೇಳಿದ್ದರು. ನೀನು ಬರುತ್ತೀಯೆಂಬ ಖುಷಿಯಲ್ಲಿದ್ದೆ. “ನನಗ ಕೊಟ್ಟಷ್ಟ ಕೊಡ್ರಿ” ಎಂದುಬಿಟ್ಟೆ.